ಕಾಣಬಾರದು, ಕೈ ತಪ್ಪಬಾರದು: ಲೈಸೆನ್ಸ್ ಇರುವ ರಿವಾಲ್ವರ್ ಒಯ್ಯುವುದು ಹೇಗೆ

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ರಿವಾಲ್ವರ್ ಲೈಸೆನ್ಸ್ ಇರುವವರಲ್ಲಿ ಎರಡು ಥರದ ಜನ ಸಿಗುತ್ತಾರೆ. ಒಬ್ಬರು ಇನ್‌ಶರ್ಟ್ ಮಾಡಿ, ಸೊಂಟದ ಚರ್ಮದ ಪೌಚ್ ನಾಲ್ಕು ಮಂದಿಗೆ ಕಾಣೋ ಹಾಗೆ ಮದುವೆ ಮನೆಯಲ್ಲಿ ಓಡಾಡುವವರು. ಇನ್ನೊಬ್ಬರು ಪೊಲೀಸರು ಕೇಳಿದರೆ ಏನು ಗತಿ ಅಂತ ಹೆದರಿ, ಕಾರಿನ ಸೀಟಿನ ಕೆಳಗೆ ತುರುಕಿ ಮೇಲೆ ಟವೆಲ್ ಹೊದಿಸುವವರು. ಮೊದಲನೆಯವರಿಗೆ ತೋರಿಸುವ ಚಟ, ಎರಡನೆಯವರಿಗೆ ಬಚ್ಚಿಡುವ ಚಟ. ಕಾನೂನು ಕೇಳುವುದು ಇವೆರಡನ್ನೂ ಅಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೇ ನಿಯಮ ಅಂತ ಒಂದಿದೆ. ಲೈಸೆನ್ಸ್ ಇರುವ ಬಹಳ ಜನ ಅದನ್ನು ಓದಿಯೇ ಇರುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್ ಅಥವಾ ಪಿಸ್ತೂಲ್ ಒಯ್ಯುವುದಾದರೆ ಅದು ಮೈಗೆ ಕಟ್ಟಿಕೊಂಡ ಹೋಲ್‌ಸ್ಟರ್‌ನಲ್ಲಿ (ಆಯುಧ ಕೂರಿಸುವ ಕವಚ) ಇರಬೇಕು, ಇಲ್ಲವೇ ಬೆನ್ನಿಗೆ ಹಾಕುವ ಬ್ಯಾಗ್‌ನಂಥದರಲ್ಲಿ ಇರಬೇಕು. ಪೂರ್ತಿ ಮುಚ್ಚಿರಬೇಕು. ಒಯ್ಯುವವರ ಹತೋಟಿಯಲ್ಲಿ ಇರಬೇಕು. ಅಂದರೆ ಹೊರಗೆ ಕಾಣದ ಹಾಗೆ ಒಯ್ಯುವುದು ಕಳ್ಳತನವಲ್ಲ, ಅದೇ ನಿಯಮ. ಕಾಣಬಾರದು, ಕೈ ತಪ್ಪಬಾರದು. ಈ ಎರಡರಲ್ಲಿ ಒಂದು ಆಗದಂಥ ಕಡೆಗೆ ಹೋಗುವುದಿದ್ದರೆ ಅವತ್ತು ಅದನ್ನು ಮನೆಯಲ್ಲೇ ಬೀಗ ಹಾಕಿ ಇಡಬೇಕು. ಇದಿಷ್ಟು ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

ಮೊದಲು ಕಾಗದ

ಹೊರಡುವ ಮುಂಚೆ ಲೈಸೆನ್ಸ್ ಪುಸ್ತಕ ತೆಗೆದು ಮೂರು ವಿಷಯ ನೋಡಿ. ಒಂದು, ಅವಧಿ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಐದು ವರ್ಷಕ್ಕೆ ಸಿಗುತ್ತದೆ. ಮೊದಲು ಮೂರು ವರ್ಷ ಇತ್ತು. ಐದು ವರ್ಷ ಅಂದರೆ ಮರೆಯೋದು ಜಾಸ್ತಿ, ಹಾಗಾಗಿ ಫೋನಿನಲ್ಲಿ ರಿಮೈಂಡರ್ ಹಾಕಿಡಿ. ಎರಡು, ಯುಐಎನ್ ನಂಬರ್, ಅಂದರೆ ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ, ಇದೆಯೇ ಇಲ್ಲವೇ. ಮೂರು, ಯಾವ ಪ್ರದೇಶಕ್ಕೆ ಅನ್ವಯ ಅಂತ ಬರೆದಿರುವ ಜಾಗ. ಇದನ್ನು ಯಾರೂ ನೋಡುವುದಿಲ್ಲ. ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಇದ್ದರೆ ನಿಪ್ಪಾಣಿ ದಾಟಿ ಕೊಲ್ಲಾಪುರದ ಕಡೆ ಹೋದ ಕೂಡಲೇ ಅದು ಲೈಸೆನ್ಸ್ ಇಲ್ಲದ ಆಯುಧ. ಅನಮೋಡ ಘಾಟ್ ಇಳಿದು ಗೋವಾಕ್ಕೆ ಹೋದರೂ ಅಷ್ಟೇ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಎರಡು ವರ್ಷದಿಂದ ಐದು ವರ್ಷದವರೆಗೆ ಜೈಲು. ವೀಕೆಂಡ್ ಟ್ರಿಪ್‌ಗೆ ಇದು ದುಬಾರಿ ಆಯ್ತು.

ಅವಳಿ ನಗರದಲ್ಲಿ ಇದಕ್ಕೆಲ್ಲ ಪೊಲೀಸ್ ಕಮಿಷನರ್ ಆಫೀಸು. ಗದಗ, ಹಾವೇರಿಯಲ್ಲಿ ಡಿಸಿ ಆಫೀಸು. ಪ್ರದೇಶ ವಿಸ್ತರಣೆ ಬೇಕಾದರೆ ಅಲ್ಲೇ ಅರ್ಜಿ ಕೊಡಬೇಕು. ಕೊಡಗಿನ ಗೆಳೆಯರು ಯಾರಾದರೂ ‘ನಮಗೆ ಲೈಸೆನ್ಸೇ ಬೇಡ’ ಅಂದರೆ ಅವರ ಮಾತು ಕೇಳಿ ನೀವು ಮೋಸ ಹೋಗಬೇಡಿ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಮಾತ್ರ.

ಮೂಲ ಲೈಸೆನ್ಸ್ ನಿಮ್ಮ ಮೈಮೇಲೇ ಇರಲಿ. ಝೆರಾಕ್ಸ್ ಕಾರಿನಲ್ಲಿ ಇದ್ದರೆ ಒಳ್ಳೆಯದು, ಆದರೆ ಮೂಲದ ಬದಲು ಅಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರು ಲೈಸೆನ್ಸ್ ತೋರಿಸಿ ಅಂತ ಕೇಳಬಹುದು. ತೋರಿಸದಿದ್ದರೆ ಆಯುಧ ವಶಕ್ಕೆ ಹೋಗುತ್ತದೆ. ಲೈಸೆನ್ಸ್ ಮತ್ತು ರಿವಾಲ್ವರ್ ಒಂದೇ ಬ್ಯಾಗಿನಲ್ಲಿ ಬೇಡ. ಲೈಸೆನ್ಸ್ ತೆಗೆಯಲು ಹೋಗಿ ರಿವಾಲ್ವರ್‌ಗೆ ಕೈ ಹಾಕಿದ ಹಾಗೆ ಕಾಣಬಾರದು. ಲೈಸೆನ್ಸ್ ಅಂಗಿಯ ಎದೆಯ ಜೇಬಿನಲ್ಲಿ ಇರಲಿ.

ಹೋಲ್‌ಸ್ಟರ್ ಆರಿಸುವುದು

ನಮ್ಮಲ್ಲಿ ಸಾಮಾನ್ಯವಾಗಿ ಇರುವುದು ಕಾನ್ಪುರದ .32 ರಿವಾಲ್ವರ್, ಇಲ್ಲವೇ ಅದೇ ಬೋರಿನ ಅಶನಿ ಪಿಸ್ತೂಲ್. ಎರಡೂ ಉಕ್ಕಿನವು, ಒಳ್ಳೇ ಭಾರ. 2014ರಲ್ಲಿ ಬಂದ ನಿರ್ಭೀಕ್ ಮಾತ್ರ ಟೈಟಾನಿಯಂ ಮಿಶ್ರಲೋಹದ್ದು, ಅದಕ್ಕೇ ಹಗುರ. ಹೆಂಗಸರಿಗೆ ಅಂತ ಪ್ರಚಾರ ಮಾಡಿದ್ದರು, ತಗೊಂಡವರಲ್ಲಿ ಗಂಡಸರೂ ಇದ್ದಾರೆ.

ಹೋಲ್‌ಸ್ಟರ್‌ನಲ್ಲಿ ಮೊದಲು ನೋಡಬೇಕಾದ್ದು ಟ್ರಿಗರ್. ಟ್ರಿಗರ್ ಮತ್ತು ಅದರ ಸುತ್ತಿನ ಬಳೆ ಪೂರ್ತಿ ಒಳಗೆ ಹೋಗಬೇಕು. ಹೊರಗಿನಿಂದ ಬೆರಳಿಂದ ಒತ್ತಿದರೂ ಟ್ರಿಗರ್‌ಗೆ ತಾಗಬಾರದು. ಅಂಗಡಿಯಲ್ಲಿ ಸಿಗುವ ತೆಳು ರೆಕ್ಸಿನ್ ಕವರ್‌ಗಳು ಎರಡು ಬೇಸಿಗೆ ಕಳೆದರೆ ಮೆತ್ತಗಾಗಿ, ಬಾಯಿ ಒಳಗೆ ಮಡಚಿಕೊಳ್ಳುತ್ತವೆ. ಮಡಚಿದ ಅಂಚು ಟ್ರಿಗರ್‌ಗೆ ಸಿಕ್ಕರೆ ನಿಮ್ಮ ತೊಡೆಗೇ ಗುಂಡು. ನಿಮ್ಮ ಮಾಡೆಲ್ ಅಳತೆಗೇ ಮಾಡಿದ ದಪ್ಪ ಚರ್ಮ ಅಥವಾ ಗಟ್ಟಿ ಪ್ಲಾಸ್ಟಿಕ್‌ನದ್ದು ತಗೊಳ್ಳಿ. ಎರಡನೆಯದು ಪಟ್ಟಿ. ಹೆಬ್ಬೆರಳಿಂದ ಬಿಚ್ಚುವ ಬಟನ್ ಪಟ್ಟಿ ಇದ್ದರೆ ಬಗ್ಗಿದಾಗ, ಓಡಿದಾಗ ಜಾರುವುದಿಲ್ಲ. ಮನೆಯಲ್ಲಿ ಖಾಲಿ ಮಾಡಿ, ಹೋಲ್‌ಸ್ಟರ್‌ಗೆ ಹಾಕಿ, ಪಟ್ಟಿ ಬಿಗಿದು, ಹಾಸಿಗೆಯ ಮೇಲೆ ತಲೆಕೆಳಗೆ ಮಾಡಿ ಅಲ್ಲಾಡಿಸಿ ನೋಡಿ. ಬಿದ್ದರೆ ಅದು ಹೋಲ್‌ಸ್ಟರ್ ಅಲ್ಲ, ಸುಮ್ನೆ ಚೀಲ. ಮೂರನೆಯದು ಬೆಲ್ಟ್. ಆಫೀಸಿಗೆ ಹಾಕುವ ತೆಳು ಬೆಲ್ಟ್ ಭಾರಕ್ಕೆ ಬಾಗುತ್ತದೆ, ಹಿಡಿ ಹೊರಗೆ ವಾಲುತ್ತದೆ, ಅಂಗಿಯಡಿ ಉಬ್ಬು ಕಾಣುತ್ತದೆ. ಎಷ್ಟೋ ಸಲ ದೋಷ ಬೆಲ್ಟಿನದು, ಬೈಗುಳ ಹೋಲ್‌ಸ್ಟರ್‌ಗೆ.

ಹಳೇ ರಿವಾಲ್ವರ್ ಆಗಿದ್ದರೆ ಹ್ಯಾಮರ್ (ಗುಂಡಿಗೆ ಬಡಿಯುವ ಸುತ್ತಿಗೆ) ಕೆಳಗಿನ ಚೇಂಬರ್ (ಗುಂಡು ಕೂರುವ ಗೂಡು) ಖಾಲಿ ಬಿಡಿ. ಆರು ಇರುವ ಕಡೆ ಐದೇ ಗುಂಡು. ಕೈಯಿಂದ ಬಿದ್ದರೂ ಹ್ಯಾಮರ್ ಬಡಿಯುವ ಜಾಗದಲ್ಲಿ ಗುಂಡು ಇರುವುದಿಲ್ಲ. ಪಿಸ್ತೂಲ್ ಆದರೆ ಚೇಂಬರ್ ಖಾಲಿ ಇರಲಿ, ಮ್ಯಾಗಜೀನ್ ಮಾತ್ರ ತುಂಬಿರಲಿ. ‘ಅಷ್ಟರಲ್ಲಿ ಕಳ್ಳ ಬಂದರೆ?’ ಅಂತ ಕೇಳುವವರು ಇದ್ದಾರೆ. ನಮ್ಮ ರಸ್ತೆಗಳಲ್ಲಿ ಕಳ್ಳನಿಗಿಂತ ತಗ್ಗುಗಳು ಜಾಸ್ತಿ. ಜರ್ಕಿಗೆ ಗುಂಡು ಹಾರುವ ಭಯವೇ ದೊಡ್ಡದು.

ಬಟ್ಟೆ

ಇದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಸೊಂಟದ ಕೆಳಗೆ ಒಂದು ಗೇಣು ಇಳಿಯುವ, ಸ್ವಲ್ಪ ಸಡಿಲ ಇರುವ ಅಂಗಿ ಸಾಕು. ಒಂದೇ ಬಣ್ಣದ ತೆಳು ಬಿಳಿ ಅಂಗಿಗಿಂತ ಚೌಕಳಿ ಅಂಗಿಯಲ್ಲಿ ಉಬ್ಬು ಕಣ್ಣಿಗೆ ಬೀಳುವುದಿಲ್ಲ. ಜುಬ್ಬಾ ಇನ್ನೂ ಒಳ್ಳೆಯದು. ಬಿಸಿಲಲ್ಲಿ ಕೋಟು ಜಾಕೆಟ್ ಹಾಕಿ ಬಂದರೆ ಮಾತ್ರ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಕನ್ನಡಿ ಮುಂದೆ ನಿಂತು ಕೈ ಮೇಲೆತ್ತಿ, ಬಗ್ಗಿ, ಕುಳಿತು ನೋಡಿ. ಕಿರಾಣಿ ಅಂಗಡಿಯಲ್ಲಿ ಮೇಲಿನ ಕಪಾಟಿನ ಡಬ್ಬಿ ತೆಗೆಯುವಾಗಲೇ ಎಲ್ಲ ಬಯಲಾಗೋದು. ಮತ್ತೆ, ಆಗಾಗ ಸೊಂಟ ಮುಟ್ಟಿ ನೋಡಿಕೊಳ್ಳುವ ಚಾಳಿ ಬಿಡಿ. ಉಬ್ಬು ಕಾಣದಿದ್ದರೂ ಆ ಕೈ ಎಲ್ಲ ಹೇಳುತ್ತದೆ.

ಕಾರಿನಲ್ಲಿ

ಹುಬ್ಬಳ್ಳಿಯಿಂದ ಹಾವೇರಿಗೆ ಹೆದ್ದಾರಿ 48, ಗದಗಿಗೆ 67. ಬ್ಯಾಡಗಿ ಮೆಣಸಿನಕಾಯಿ ಮಂಡಿಗೆ ಹೋಗಿ ಬರುವ ವ್ಯಾಪಾರಿಗಳಿಗೆ ಇದು ವಾರದ ದಾರಿ. ಕಾರಿನಲ್ಲಿ ಕುಳಿತಾಗ ಏನಾಗುತ್ತದೆ ಅಂತ ಸ್ವಲ್ಪ ಗಮನಿಸಿ. ನಮ್ಮ ಕಾರುಗಳಲ್ಲಿ ಸ್ಟೀರಿಂಗ್ ಬಲಕ್ಕೆ. ಸೀಟ್ ಬೆಲ್ಟ್ ಬಲ ಭುಜದಿಂದ ಎಡ ಸೊಂಟಕ್ಕೆ ಬರುತ್ತದೆ. ಅದರ ಕೆಳಗಿನ ಪಟ್ಟಿ ಬಲ ಸೊಂಟದ ಮೇಲೇ ಹಾದು ಹೋಗುತ್ತದೆ. ನೀವು ಬಲಗೈಯವರಾಗಿ ಬಲ ಸೊಂಟಕ್ಕೆ ಹೋಲ್‌ಸ್ಟರ್ ಹಾಕಿದ್ದರೆ ಪಟ್ಟಿ ಅದನ್ನು ಸೀಟಿಗೆ ಒತ್ತುತ್ತದೆ. ಅಂಗಿಯ ಅಂಚು ಪಟ್ಟಿಯ ಅಡಿಗೆ ಸಿಕ್ಕಿಕೊಳ್ಳುತ್ತದೆ. ಒಂದು ತಾಸು ಓಡಿಸಿ ಬಾಗಿಲು ತೆಗೆದು ಇಳಿಯುತ್ತೀರಿ, ಅಂಗಿ ಮೇಲೇ ಉಳಿದಿರುತ್ತದೆ, ಹಿಡಿ ಹೊರಗೆ. ಪೆಟ್ರೋಲ್ ಬಂಕಿನ ಹುಡುಗ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ.

ಅದಕ್ಕೆ ಕ್ರಮ ಹೀಗೆ. ಕುಳಿತು ಬೆಲ್ಟ್ ಹಾಕಿ. ಆಮೇಲೆ ಬಲಗಡೆ ಅಂಗಿಯ ಅಂಚನ್ನು ಪಟ್ಟಿಯ ಅಡಿಯಿಂದ ಎಳೆದು ಮೇಲೆ ಹರಡಿ. ಇಳಿಯುವಾಗ ಮೊದಲು ಬೆಲ್ಟ್ ಬಿಚ್ಚಿ, ಕುಳಿತಲ್ಲೇ ಅಂಗಿ ಕೆಳಗೆ ಎಳೆದುಕೊಂಡು, ಆಮೇಲೆ ಬಾಗಿಲು ತೆಗೆಯಿರಿ. ಹೋಲ್‌ಸ್ಟರ್ ಸೊಂಟದ ಬದಿಗೆ ಸರಿಯಾಗಿ ಕೂರಬೇಕು. ಬೆನ್ನಿನ ಹಿಂದೆ ಹಾಕಿದರೆ ಸೀಟು ಒತ್ತುತ್ತದೆ, ಅಪಘಾತವಾದರೆ ಬೆನ್ನುಮೂಳೆಗೆ ಕಬ್ಬಿಣ ಬಡಿಯುತ್ತದೆ.

ದಾರಿಯಲ್ಲಿ ಹೊರತೆಗೆಯುವುದು, ಡ್ಯಾಶ್‌ಬೋರ್ಡ್ ಮೇಲೆ ಇಡುವುದು, ತೊಡೆ ಕೆಳಗೆ ಇಟ್ಟುಕೊಳ್ಳುವುದು ಯಾವುದೂ ಬೇಡ. ಸೀಟಿನ ಕೆಳಗೆ ಇಟ್ಟದ್ದು ಬ್ರೇಕ್ ಹಾಕಿದಾಗ ಮುಂದೆ ಜಾರಿ ಪೆಡಲ್ ಅಡಿಗೆ ಬರುತ್ತದೆ. ಗ್ಲೋವ್ ಬಾಕ್ಸ್ ತೆಗೆಯುವುದು ಮಕ್ಕಳೇ ಮೊದಲು, ಚಾಕಲೇಟ್ ಹುಡುಕಿ. ಸೊಂಟಕ್ಕೆ ಹಾಕಿ ಕೂರಲು ಆಗದಿದ್ದರೆ ಎದೆಗೆ ಅಡ್ಡ ಹಾಕುವ ಬ್ಯಾಗ್ ಇಟ್ಟುಕೊಳ್ಳಿ. ಅದರಲ್ಲಿ ರಿವಾಲ್ವರ್‌ಗೇ ಒಂದು ಖಾನೆ, ಖಾನೆಯೊಳಗೆ ಹೋಲ್‌ಸ್ಟರ್. ಆ ಖಾನೆಗೆ ಪೆನ್ನು, ಚಾರ್ಜರ್, ಬೀಗದ ಕೈ ಏನೂ ಹೋಗಬಾರದು. ಬ್ಯಾಗು ಮೈಮೇಲೇ ಇರಬೇಕು, ಹಿಂದಿನ ಸೀಟಿನಲ್ಲಿ ಅಲ್ಲ.

ಢಾಬಾದಲ್ಲಿ ಊಟಕ್ಕೆ ಇಳಿದರೆ ಅದೂ ನಿಮ್ಮ ಜೊತೆ ಇಳಿಯಬೇಕು. ಡ್ರೈವರ್ ಕೈಗೆ ಕೊಟ್ಟು ಹೋಗಬೇಡಿ, ಲೈಸೆನ್ಸ್ ಇರುವುದು ನಿಮ್ಮ ಹೆಸರಿಗೆ. ಕುಡಿಯುವ ಯೋಚನೆ ಇದ್ದರೆ ಅವತ್ತು ರಿವಾಲ್ವರ್ ಮನೆಯಲ್ಲಿ. ಇದರಲ್ಲಿ ‘ಒಂದೇ ಬಿಯರ್’ ಅನ್ನೋ ಲೆಕ್ಕ ಇಲ್ಲ. ದೇವಸ್ಥಾನದ ವಿಷಯವನ್ನೂ ಮೊದಲೇ ಯೋಚಿಸಿ. ಕರಾವಳಿ ಕಡೆಯ ಕೆಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಅಂಗಿ ತೆಗೆದ ಮೇಲೆ ಸೊಂಟದ್ದನ್ನು ಎಲ್ಲಿ ಇಡುತ್ತೀರಿ? ಚಪ್ಪಲಿ ಸ್ಟ್ಯಾಂಡಿನಲ್ಲಿ ಟೋಕನ್ ತಗೊಂಡಾ? ಅಂಥ ಪ್ರವಾಸಕ್ಕೆ ಒಯ್ಯದಿರುವುದೇ ಸರಿ.

ರಿಪೇರಿಗೋ, ಠಾಣೆಗೋ, ಶೂಟಿಂಗ್ ರೇಂಜಿಗೋ ಸುಮ್ನೆ ಸಾಗಿಸುವುದಾದರೆ ಮೈಮೇಲೆ ಬೇಡ. ಗುಂಡು ತೆಗೆದು, ಸಿಲಿಂಡರ್ ತೆರೆದು ಎರಡು ಸಲ ಕಣ್ಣಿಂದ ನೋಡಿ, ಬೀಗದ ಪೆಟ್ಟಿಗೆಯಲ್ಲಿ ಇಟ್ಟು, ಗುಂಡುಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ ಒಯ್ಯಿರಿ. ನಡುವೆ ಎಲ್ಲೂ ನಿಲ್ಲಿಸದೆ ನೇರವಾಗಿ ಹೋಗಿ.

ಪೊಲೀಸರು ಕೈ ತೋರಿಸಿದರೆ

ಗಾಡಿ ಬದಿಗೆ ನಿಲ್ಲಿಸಿ. ರಾತ್ರಿ ಆದರೆ ಒಳಗಿನ ಲೈಟ್ ಹಾಕಿ. ಎರಡೂ ಕೈ ಸ್ಟೀರಿಂಗ್ ಮೇಲೆ. ಅವರು ತಪಾಸಣೆಗೆ ಅಂತ ಬಂದರೆ, ಅವರೇ ಕಂಡುಹಿಡಿಯುವ ಮೊದಲು ನೀವೇ ಹೇಳಿ: ‘ಸರ್, ನನ್ನ ಹತ್ತಿರ ಲೈಸೆನ್ಸ್ ಇರುವ ರಿವಾಲ್ವರ್ ಇದೆ, ಬಲ ಸೊಂಟದಲ್ಲಿದೆ, ಲೈಸೆನ್ಸ್ ಎಡ ಜೇಬಿನಲ್ಲಿದೆ, ತೆಗೆಯಲಾ?’ ಅವರು ಹ್ಞೂಂ ಅಂದ ಮೇಲೆ ತೆಗೆಯಿರಿ. ರಿವಾಲ್ವರ್ ತೋರಿಸಿ ಅಂದರೆ ನೀವಾಗಿ ಎಳೆಯಬೇಡಿ, ಹೇಗೆ ಕೊಡಲಿ ಅಂತ ಕೇಳಿ. ‘ನಾನ್ಯಾರು ಗೊತ್ತಾ’ ಅನ್ನೋ ಮಾತು ಎಲ್ಲ ಕಡೆ ಕೆಟ್ಟದ್ದೇ, ಸೊಂಟದಲ್ಲಿ ಆಯುಧ ಇದ್ದಾಗ ಇನ್ನೂ ಕೆಟ್ಟದ್ದು. 20ನೇ ಸೆಕ್ಷನ್ ಪ್ರಕಾರ ಅನುಮಾನ ಬರುವ ರೀತಿಯಲ್ಲಿ ಆಯುಧ ಸಾಗಿಸುವವರನ್ನು ಲೈಸೆನ್ಸ್ ಇದ್ದರೂ ವಾರಂಟ್ ಇಲ್ಲದೆ ಹಿಡಿಯಬಹುದು. ಸೀಟಿನ ಕೆಳಗಿನ ಟವೆಲ್ ನೆನಪಿದೆ ಅಲ್ವಾ?

ಬೆಟ್ಟ ಹತ್ತುವವರಿಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಕಡೆ ಟ್ರೆಕ್ಕಿಂಗ್ ಅಂದರೆ ಕಪ್ಪತಗುಡ್ಡ. ಗಾಳಿಗುಂಡಿ ಬಸವಣ್ಣನ ತನಕ ಹತ್ತುವುದು, ಗಾಳಿಗಿರಣಿ ನೋಡುವುದು, ಇಳಿದು ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋಗುವುದು. ಚಿರತೆ, ತೋಳ, ಕತ್ತೆಕಿರುಬ ಇವೆ ಅಂತ ರಿವಾಲ್ವರ್ ಒಯ್ಯುವ ಆಸೆ ಕೆಲವರಿಗೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಸುಮಾರು 244 ಚದರ ಕಿಲೋಮೀಟರ್. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರದ್ದು, 119 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಇಂಥ ಧಾಮದೊಳಗೆ ಲಿಖಿತ ಅನುಮತಿ ಇಲ್ಲದೆ ಯಾವುದೇ ಆಯುಧ ಒಯ್ಯುವಂತಿಲ್ಲ. ಅನುಮತಿ ಕೊಡಬೇಕಾದವರು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ನೇಮಿಸಿದ ಅಧಿಕಾರಿ. ನಿಮ್ಮ ಗನ್ ಲೈಸೆನ್ಸ್ ಅಲ್ಲಿ ಲೆಕ್ಕಕ್ಕಿಲ್ಲ. ಹೋಲ್‌ಸ್ಟರ್ ಎಷ್ಟು ಚೆನ್ನಾಗಿದ್ದರೂ, ಅಂಗಿ ಎಷ್ಟು ಉದ್ದ ಇದ್ದರೂ.

‘ಪ್ರಾಣಿ ಮೈಮೇಲೆ ಬಂದರೆ ಆತ್ಮರಕ್ಷಣೆ ಅಲ್ವಾ?’ ಅಂತ ವಾದ ಬರುತ್ತದೆ. ಅದೇ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಆತ್ಮರಕ್ಷಣೆಗೆ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಅಂತಿದೆ, ನಿಜ. ಆದರೆ ಅದರ ಕೆಳಗೇ ಇನ್ನೊಂದು ಮಾತಿದೆ. ಆ ಹೊತ್ತಿನಲ್ಲಿ ನೀವು ಕಾಯ್ದೆಯ ಯಾವುದಾದರೂ ನಿಯಮ ಮುರಿಯುತ್ತಿದ್ದರೆ ಆ ರಕ್ಷಣೆ ನಿಮಗಿಲ್ಲ. ಅನುಮತಿ ಇಲ್ಲದೆ ಆಯುಧ ಒಯ್ದದ್ದೇ ನಿಯಮ ಮುರಿದದ್ದು. ಅಲ್ಲಿಗೆ ವಾದ ಮುಗೀತು. ಶಿಕ್ಷೆಯಾದರೆ ಕೋರ್ಟು ನಿಮ್ಮ ಗನ್ ಲೈಸೆನ್ಸನ್ನೇ ರದ್ದು ಮಾಡಿಸಬಹುದು, ಮತ್ತೆ ಐದು ವರ್ಷ ಲೈಸೆನ್ಸ್ ಸಿಗದ ಹಾಗೆ ಮಾಡಬಹುದು. ಅಷ್ಟಕ್ಕೂ .32 ಗುಂಡಿನಿಂದ ಚಿರತೆ ಗಾಯಗೊಂಡರೆ ಅದು ಓಡಿಹೋಗುವುದಕ್ಕಿಂತ ನಿಮ್ಮ ಕಡೆ ತಿರುಗುವುದೇ ಹೆಚ್ಚು ಸಂಭವ. ಗುಂಪಿನಲ್ಲಿ ಹೋಗಿ, ಮಾತಾಡುತ್ತಾ ನಡೆಯಿರಿ, ಉದ್ದ ಕೋಲು, ಸೀಟಿ, ಒಳ್ಳೇ ಟಾರ್ಚ್ ಇಟ್ಟುಕೊಳ್ಳಿ, ಕತ್ತಲಾಗುವ ಮೊದಲು ಇಳಿಯಿರಿ. ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಇದೇ ಮಾತು. ಗೋವಾ ದಾರಿಯಲ್ಲಿ ಅನಮೋಡದ ಆಚೆ ರಸ್ತೆ ಮೊಲ್ಲೆಮ್ ಅಭಯಾರಣ್ಯದ ನಡುವೆಯೇ ಇಳಿಯುತ್ತದೆ. ಚೆಕ್‌ಪೋಸ್ಟಿನಲ್ಲಿ ನಿಂತು ಕಾನೂನು ಚರ್ಚೆ ಮಾಡುವುದಕ್ಕಿಂತ ಬಿಟ್ಟು ಹೋಗುವುದು ಸುಲಭ.

ಹಾಗಾದರೆ ನಡೆದು ಹೋಗುವಾಗ ಒಯ್ಯುವುದು ಯಾವಾಗ? ಕಲಘಟಗಿ, ಹಾನಗಲ್ ಕಡೆ ಊರಿಂದ ದೂರ ತೋಟದ ಮನೆ ಇರುವವರು, ಸಂಜೆ ಹೊಲದ ಬದುವಿನ ಮೇಲೆ ಒಬ್ಬರೇ ನಡೆದು ಬರುವವರು. ಅವರಿಗೆ ಬೆನ್ನಿನ ಬ್ಯಾಗು ಇದ್ದರೆ ಒಂದು ತೊಂದರೆ ಉಂಟು. ಬ್ಯಾಗಿನ ಸೊಂಟದ ಪಟ್ಟಿ ಹೋಲ್‌ಸ್ಟರ್ ಮೇಲೇ ಕೂರುತ್ತದೆ, ಉಜ್ಜುತ್ತದೆ, ಬಟನ್ ಬಿಚ್ಚುತ್ತದೆ. ಪಟ್ಟಿ ಕಟ್ಟದ ಚಿಕ್ಕ ಬ್ಯಾಗು ಹಾಕಿ, ಇಲ್ಲವೇ ರಿವಾಲ್ವರನ್ನು ಎದೆಯ ಮೇಲಿನ ಚೀಲಕ್ಕೆ ಹಾಕಿ. ಬೇಲಿ, ಕಾಲುವೆ ದಾಟುವಾಗ ಪಟ್ಟಿ ಬಿಗಿದಿದೆಯಾ ಅಂತ ಮೊದಲು ನೋಡಿ. ಬಯಲಿಗೆ ಕೂರುವಾಗ ಬೆಲ್ಟ್ ಬಿಚ್ಚಿದರೆ ಹೋಲ್‌ಸ್ಟರ್ ಕೆಳಗೆ ಜಾರುತ್ತದೆ. ನಗಬೇಡಿ. ರಿವಾಲ್ವರ್ ಬೀಳುವುದಕ್ಕೂ ಮರೆತು ಬರುವುದಕ್ಕೂ ಇದಕ್ಕಿಂತ ಸುಲಭದ ಜಾಗ ಇಲ್ಲ. ಹೋಲ್‌ಸ್ಟರ್ ಸಮೇತ ತೆಗೆದು ಬ್ಯಾಗಿಗೆ ಹಾಕಿ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ಕುಳಿತುಕೊಳ್ಳಿ.

ಒಯ್ಯಲೇಬಾರದ ದಿನಗಳು

ಮದುವೆ, ಜಾತ್ರೆ, ಗಣಪತಿ ಮೆರವಣಿಗೆ. ಇಂಥ ಕಡೆ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿದರೆ 25ನೇ ಸೆಕ್ಷನ್‌ನ 9ನೇ ಉಪವಿಧಿ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಯುಧ ಪೂಜೆಯ ದಿನ ಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿ, ಬೇಡ ಅನ್ನೋದಿಲ್ಲ. ಆದರೆ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದರೆ ಇಷ್ಟು ದಿನ ಮುಚ್ಚಿಟ್ಟದ್ದೆಲ್ಲ ವ್ಯರ್ಥ. ಯಾರ ಮನೆಯಲ್ಲಿ ಏನಿದೆ ಅಂತ ಕಳ್ಳರಿಗೆ ನೀವೇ ಹೇಳಿದ ಹಾಗೆ.

ಎಲೆಕ್ಷನ್ ಘೋಷಣೆ ಆದ ಮೇಲೆ ಠಾಣೆಯಿಂದ ಫೋನ್ ಬರುತ್ತದೆ, ಡಿಪಾಸಿಟ್ ಮಾಡಿ ಅಂತ. ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಆಯುಧ ಅಂಗಡಿಯಲ್ಲಿ ಇಟ್ಟು ರಸೀದಿ ತಗೊಳ್ಳಿ. ರಸೀದಿಯಲ್ಲಿ ಆಯುಧದ ನಂಬರ್ ಮತ್ತು ಗುಂಡುಗಳ ಲೆಕ್ಕ ಸರಿಯಾಗಿ ಬರೆದಿದ್ದಾರಾ ಅಂತ ಅಲ್ಲೇ ನಿಂತು ಓದಿ. ಊರಲ್ಲಿ ನಿಷೇಧಾಜ್ಞೆ ಹಾಕಿದಾಗಲೂ ಆಯುಧ ಹಿಡಿದು ಓಡಾಡುವಂತಿಲ್ಲ. ಅವಳಿ ನಗರದವರಿಗೆ ಇದು ಹೊಸದೇನಲ್ಲ.

ಹುಬ್ಬಳ್ಳಿ ಏರ್‌ಪೋರ್ಟಿಗೆ ಹೋಗುವಾಗ ರಿವಾಲ್ವರ್ ಮನೆಯಲ್ಲೇ ಬಿಟ್ಟಿರುತ್ತೀರಿ, ಸರಿ. ಬ್ಯಾಗು? ಅದೇ ಬ್ಯಾಗಿನ ಒಳಜೇಬಿನ ಮೂಲೆಯಲ್ಲಿ ಒಂದು ಗುಂಡು ಉಳಿದಿದ್ದರೂ ಸ್ಕ್ಯಾನರ್ ಬಿಡುವುದಿಲ್ಲ. ವಿಮಾನ ಹೋಗುತ್ತದೆ, ನೀವು ಠಾಣೆಗೆ ಹೋಗುತ್ತೀರಿ. ರಿವಾಲ್ವರ್‌ಗೆ ಒಂದು ಬ್ಯಾಗು, ಪ್ರಯಾಣಕ್ಕೆ ಬೇರೆ ಬ್ಯಾಗು. ನಿಜವಾಗಿಯೂ ಒಯ್ಯಬೇಕಿದ್ದರೆ ವಿಮಾನ ಕಂಪನಿಗೆ ಮುಂಚೆಯೇ ತಿಳಿಸಿ, ಕೌಂಟರಿನಲ್ಲಿ ಘೋಷಿಸಿ, ಖಾಲಿ ಮಾಡಿ ಚೆಕ್-ಇನ್ ಲಗೇಜಿನಲ್ಲಿ ಹಾಕಬೇಕು.

ಮನೆಗೆ ಬಂದ ಮೇಲೆ

ಸೊಂಟಕ್ಕೆ ಕಟ್ಟಿದ ಉಕ್ಕಿಗೆ ಬೆವರು ದೊಡ್ಡ ಶತ್ರು. ಧಾರವಾಡದ ಮಳೆಗಾಲದಲ್ಲಿ ಚರ್ಮದ ಹೋಲ್‌ಸ್ಟರ್ ತೇವ ಹಿಡಿದಿಡುತ್ತದೆ, ಹಿಡಿಯ ತಿರುಪುಗಳ ಸುತ್ತ ಮೊದಲು ತುಕ್ಕು ಬರುತ್ತದೆ. ರಿವಾಲ್ವರನ್ನು ಹೋಲ್‌ಸ್ಟರ್‌ನಲ್ಲೇ ಬಿಟ್ಟು ಬೀರುವಿನಲ್ಲಿ ಇಡಬೇಡಿ. ಗುಂಡು ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಬಂದೂಕಿನ ಎಣ್ಣೆ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಒಳಗೆಲ್ಲ ಅಂಟುತ್ತದೆ. ಹೋಲ್‌ಸ್ಟರ್ ಗಾಳಿಗೆ ಒಣಗಲಿ. ಗುಂಡುಗಳನ್ನು ಎಣಿಸಿ ಬೇರೆ ಬೀಗದಲ್ಲಿ ಇಡಿ.

ಎಣಿಕೆ ತಪ್ಪಿದರೆ, ಅಥವಾ ರಿವಾಲ್ವರೇ ಕಾಣದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಹೋಗಿ ಬಂದ ದಾರಿ ಹುಡುಕಲು ಮನೆಯವರನ್ನು ಕಳಿಸಿ, ನೀವು ಲೈಸೆನ್ಸ್ ಹಿಡಿದು ಹತ್ತಿರದ ಠಾಣೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ, ದೂರಿನ ಪ್ರತಿ ಕೇಳಿ ಪಡೆಯಿರಿ. ಲೈಸೆನ್ಸ್ ಕೊಟ್ಟ ಆಫೀಸಿಗೂ ಅದರದೊಂದು ಝೆರಾಕ್ಸ್ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಹೊಸದಾಗಿ ಲೈಸೆನ್ಸ್ ಪಡೆದವರು ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಡಿ. ದಿನಾಂಕ ಠಾಣೆಯಲ್ಲೇ ಗೊತ್ತಾಗುತ್ತದೆ.